ಕೊರ್ಕೊಯ್ ಆಂಟಿಯ ಸಾಲದ ಪುಸ್ತಕ

ಅಕ್ರಾದ ಸರ್ಕಲ್ಲಿನಲ್ಲಿ, ಮೇಲ್ಸೇತುವೆಯ ನೆರಳಿಗೆ
ನನ್ನದೊಂದು ಮೇಜು, ಒಂದು ಕೊಡೆ, ಒಂದು ಭೂತಗನ್ನಡಿ.
ಮರುಭೂಮಿಯ ಧೂಳು ಹೊತ್ತ ಹರ್ಮಟಾನ್ ಗಾಳಿಗೆ
ದಿನಕ್ಕೆ ನಾಲ್ಕು ಸಲ ಮೇಜು ಒರೆಸಬೇಕು.
ಒರೆಸಿದ್ದಕ್ಕೆ ಯಾರೂ ಕಾಸು ಕೊಡುವುದಿಲ್ಲ.

ಜೇಮ್ಸ್‌ಟೌನಿನ ಕೊರ್ಕೊಯ್ ಆಂಟಿ ಬಂದಳು,
ಮೈತುಂಬ ಹುಳಿಬಂದ ಜೋಳದ ಹಿಟ್ಟು, ಕರಿದ ಮೀನಿನ ವಾಸನೆ.
ಸೊಂಟದ ಗಂಟು ಬಿಚ್ಚಿ ಇಟ್ಟಳು ಎರಡು ಫೋನು.

ಒಂದು ಹೊಸದು. ಒಹಾಯೋದಿಂದ
ಅಣ್ಣನ ಮಗ ಲಾರ್ಯೆ ಕಳಿಸಿದ್ದು,
ಕಾಲುಚೀಲದೊಳಗೆ ಸುತ್ತಿ, ಯಾರದೋ ಪೆಟ್ಟಿಗೆಯಲ್ಲಿ.
ಹೊಳೆಗಲ್ಲಿನ ಹಾಗೆ ನುಣುಪು,
ಉಗುರು ತೂರಿಸಲು ಸಂದಿಲ್ಲ.
ಇನ್ನೊಂದು ಹಳೆಯದು. ರಬ್ಬರ್ ಬ್ಯಾಂಡೇ ಅದರ ಪಕ್ಕೆಲುಬು.
ಬೆನ್ನು ಬಿಚ್ಚಿದರೆ ಬ್ಯಾಟರಿಯ ಪಕ್ಕ
ಕಿರುಬೆರಳ ಉಗುರಿನಷ್ಟು ಕರಿಯ ಕಾರ್ಡು.

"ಇದರೊಳಗಿರೋದನ್ನ ಅದಕ್ಕೆ ಹಾಕು. ಸಿಮ್ಮನ್ನೂ ಹಾಕು."

ಕಾರ್ಡು ತೆರೆದೆ. ಬರೀ ಮುಖಗಳು.
ಪ್ರತಿ ಮುಖದ ಕೆಳಗೊಂದು ಕೈ,
ಕೈಯಲ್ಲಿ ಸಿಪ್ಪೆ ಸುತ್ತಿದ ಕೆಂಕಿಯ ಉಂಡೆ.
ಬೆಸ್ತನ ಕೈಯಲ್ಲಿ ಒಂದು, ದರ್ಜಿಯವಳ ಕೈಯಲ್ಲಿ ಎರಡು,
ಒಬ್ಬ ಪೊಲೀಸಿನ ಕೈಯಲ್ಲಿ ಐದು. ಅವನು ಕಣ್ಣು ಮುಚ್ಚಿಕೊಂಡಿದ್ದ.

"ಏನಿದು ಆಂಟಿ?"
"ಸಾಲದ ಪುಸ್ತಕ. ನನಗೆ ಬರೆಯೋಕೆ ಬರಲ್ಲ.
ಕೊಟ್ಟೋರನ್ನ ಅಳಿಸ್ತೀನಿ. ಕೊಡದೋರು ಇರ್ತಾರೆ."

ಎಂಟು ಸಾವಿರದ ನಾನೂರು ಮಂದಿ ಇದ್ದರು
ಅಷ್ಟು ಸಣ್ಣ ಜಾಗದಲ್ಲಿ,
ಒಬ್ಬರ ಮೈ ಒಬ್ಬರಿಗೆ ತಾಗದೆ.

ಹೊಸ ಫೋನಿಗೆ ಕಾರ್ಡು ನುಂಗುವ ಬಾಯಿಲ್ಲ.
ಹೆಸರಿಗೆ ಹದಿನಾರು ಜಿಬಿ;
ಒಳಹೊಕ್ಕು ನೋಡಿದರೆ ಹನ್ನೊಂದರಲ್ಲಿ
ಕಂಪನಿಯವರೇ ಕಾಲು ಚಾಚಿ ಮಲಗಿದ್ದಾರೆ.
ಬಾಡಿಗೆ ಮನೆಯಲ್ಲಿ ಮಾಲೀಕನ ಮಂಚ, ಮಾಲೀಕನ ಬೀರು,
ಸರಿಸುವಂತಿಲ್ಲ.

"ಅರ್ಧ ಜನರನ್ನ ಬಿಡಬೇಕಾಗತ್ತೆ" ಅಂದೆ.
"ಬಿಡೋದಂದ್ರೆ?"
"ಅಳಿಸೋದು."
"ಅಂದ್ರೆ, ಮನ್ನಾನಾ?"
ನನಗೆ ಮಾತು ತೋಚಲಿಲ್ಲ.
ಜಾಗ ಸಾಲದೆಂದು ಸಾಲ ಬಿಟ್ಟವರನ್ನು
ಈ ಪೇಟೆಯಲ್ಲಿ ನಾನಂತೂ ಕಂಡಿಲ್ಲ.

ಹೇರ್‌ಪಿನ್ನಿನಿಂದ ಚುಚ್ಚಿ, ತಟ್ಟೆ ಎಳೆದು, ಸಿಮ್ ಕೂರಿಸಿದೆ.
ಪರದೆ ಬೆಳಗಿತು. ಈ ಸಿಮ್ ಇಲ್ಲಿ ನಡೆಯದು.
ಕೋಡು ಒತ್ತಿ. ಉಳಿದ ಪ್ರಯತ್ನ: ಐದು.

ಬ್ಯಾಟರಿಯ ಕೆಳಗಿನದಲ್ಲ, ನೆಟ್‌ವರ್ಕಿನವರ ಬೀಗ.
ಫೋನು ನಮ್ಮ ಕೈಯಲ್ಲಿ, ಅದರ ಕೊರಳು ಅವರ ಕೈಯಲ್ಲಿ.
ನಂಬರು ಕಳಿಸಿ, ಅಲ್ಲಿರುವ ಗೆಳೆಯನನ್ನು ಕೇಳಿದೆ.
ಏಳು ಕಂತು ಬಾಕಿ, ಅಂದ.

ಹೇಳಲೋ ಬೇಡವೋ ಎಂದು ಮೇಜು ಒರೆಸಿದೆ,
ಐದನೆಯ ಸಲ.
ಹೇಳಿದೆ.

ಆಂಟಿ ಹಳೆಯ ಫೋನು ಎತ್ತಿಕೊಂಡಳು.
ಹೆಬ್ಬೆರಳು ಹಿಂದಕ್ಕೆ ಹಿಂದಕ್ಕೆ ಓಡಿತು,
ಪೊಲೀಸನ್ನು ದಾಟಿ, ದರ್ಜಿಯವಳನ್ನು ದಾಟಿ,
ತೀರಿಹೋದ ಬೆಸ್ತನನ್ನು ದಾಟಿ
(ಅವನನ್ನು ಅವಳು ಅಳಿಸಿರಲಿಲ್ಲ)
ಒಂದು ಕಡೆ ನಿಂತಿತು.
ಹತ್ತೊಂಬತ್ತರ ಹುಡುಗ, ಹೊಸ ಕೋಟು,
ಎರಡೂ ಕೈಯಲ್ಲಿ ಕೆಂಕಿ, ತುಟಿಗೆ ಮೆತ್ತಿದ ಶಿಟೋ ಖಾರ.
ವಿಮಾನಕ್ಕೆ ಹೊರಟ ಸಂಜೆ.

"ನನಗೂ ಕೊಡಬೇಕು ಈ ಲಾರ್ಯೆ" ಅಂದಳು.
"ಹನ್ನೊಂದು ವರ್ಷ ಕಾದಿದ್ದೀನಿ.
ಅವನ ಬಾಯಿಗೆ ಬೀಗ ಹಾಕಿದೀನಾ?"

ಕಾರ್ಡಿನ ಹೊಂಬಣ್ಣದ ಹಲ್ಲುಗಳನ್ನು
ಮಕ್ಕಳ ರಬ್ಬರಿನಿಂದ ಉಜ್ಜಿ ಕೊಟ್ಟೆ.
ಅದೊಂದೇ ನನ್ನಿಂದಾದ ರಿಪೇರಿ.

"ಇದರ ಟಾರ್ಚು ಉರಿಯತ್ತಾ?"
"ಉರಿಯತ್ತೆ ಆಂಟಿ. ಟಾರ್ಚಿಗೆ ಯಾರಪ್ಪಣೆಯೂ ಬೇಡ."
"ರಾತ್ರಿ ಮೀನು ಕರಿಯೋವಾಗ ಆಯ್ತು ಬಿಡು."

ಹೊರಟವಳು ತಿರುಗಿದಳು.
"ಹತ್ತು ಸೆಡಿ ಮುಂಗಡ ತಗೊಂಡಿದ್ಯಲ್ಲ, ಸೆನ್ಯೊ,
ಎತ್ತಿ ಹಿಡಿ. ಇನ್ನೂ ಸ್ವಲ್ಪ ಮೇಲೆ."
ಎಡಗೈಯಲ್ಲಿ ಲಾರ್ಯೆಯ ಬೆಳಕು ನನ್ನ ಮುಖಕ್ಕೆ ಬಿಟ್ಟು
ಬಲಗೈಯಲ್ಲಿ ಒತ್ತಿದಳು.

ನಾನೂ ಕಣ್ಣು ಮುಚ್ಚಿದ್ದೆ, ಅನಿಸುತ್ತದೆ.