ಹತ್ತು ಜನದ ಸೀಸೆ

ಸೀಸೆ ಒಂದು, ಅದರೊಳಗೆ ಹತ್ತು ಜನ.
ಮುಚ್ಚಳಕ್ಕೆ ಸೂಜಿ ಇಳಿದ ಮೇಲೆ ನಾಲ್ಕೇ ತಾಸು.
ನಾಗವೇಣಿ ಸಿಸ್ಟರ್ ಗಡಿಯಾರ ನೋಡುತ್ತಾರೆ,
ನಾನು ಓಣಿ ನೋಡುತ್ತೇನೆ.
ಏಳಾಯಿತು. ಇನ್ನು ಮೂರು.

ಮಂಡಕ್ಕಿ ಭಟ್ಟಿಗಳ ಸಾಲಿಗೆ ಇಳಿದೆ.
ಆಷಾಢದ ಗಾಳಿಗೆ ಹೊಗೆ ಮೇಲೇಳದೆ
ಗೋಡೆ, ಬೇವಿನ ಮರ, ಮೇಕೆಯ ಬೆನ್ನು
ಎಲ್ಲಕ್ಕೂ ಒಂದೇ ಮಸಿ.

ಪ್ಯಾರಿಜಾನ್ ಕಾದ ಮರಳಲ್ಲಿ ಅಕ್ಕಿ ತಿರುವುತ್ತಿದ್ದಳು.
ಕೈ ನಿಲ್ಲಿಸಲಿಲ್ಲ.
“ಮೊದಲನೇದು ಹಾಕಿಸ್ಕೊಂಡೆ, ರೇಷನ್ ನಿಲ್ಲಿಸ್ತಾರೆ ಅಂದ್ರು.
ಎರಡನೇದು ಹಾಕಿಸ್ಕೊಂಡೆ, ನೀನು ಅಂದಿ ಅಂತ.
ಸಂಕ್ರಾಂತಿ ಹೊತ್ತಿಗೆ ಬಂತಲ್ಲ,
ಅದೇ ಜ್ವರ, ಅದೇ ಹೆಸರು.
ಈಗ ಮೂರನೇದಕ್ಕೆ ಏನು ಹೇಳ್ತಿ, ಕೊಟ್ರಮ್ಮ?”

ತರಬೇತಿಯಲ್ಲಿ ಕೊಟ್ಟ ಹಾಳೆಯಲ್ಲಿ ಉತ್ತರ ಇತ್ತು:
ಬಾರದಂತೆ ಅಲ್ಲ, ಬಂದರೂ ಬಲಿಯದಂತೆ.
ಹಾಳೆ ಬಿಟ್ಟು ನಾನು ಮಂಡಕ್ಕಿ ಹಿಡಿದೆ.
“ಮೆತ್ತಗಾದದ್ದನ್ನ ಮತ್ತೆ ಬಿಸಿ ಮಾಡಲ್ವಾ ನೀನು?
ಗರಿಗರಿ ಆಗಲ್ವಾ? ಹಂಗೇ ಇದೂ.”
ನನಗೇ ಹಿಗ್ಗು, ಮಾತು ಒದಗಿತಲ್ಲ ಅಂತ.

ಅವಳು ಜರಡಿ ಕುಟ್ಟಿದಳು.
“ಒಂದ್ಸಲ ಬಿಸಿ ಮಾಡಬಹುದು.
ಎರಡನೇ ಸಲಕ್ಕೆ ಕಮಟು.
ಮೂರನೇ ಸಲಕ್ಕೆ ದನಾನೂ ಮೂಸಲ್ಲ.
ನನಗೇ ಮಂಡಕ್ಕಿ ಕಲಿಸ್ತೀಯಾ?”

ಭಟ್ಟಿ ತುಂಬ ನಗು. ಬೆವರೊರೆಸಿಕೊಂಡು ನಾನೂ ನಕ್ಕೆ.
ಬೆಳಿಗ್ಗೆ ವಿದ್ಯಾನಗರದ ಲೆಕ್ಚರರ್ ಕೂಡ
ಇದನ್ನೇ ಕೇಳಿದ್ದರು, ಗೇಟಿನ ಒಳಗಿಂದ,
ಉತ್ತರ ಬರುವ ಮೊದಲೇ ನಾಯಿಯನ್ನು ಕರೆದುಕೊಂಡು ಹೋದರು.

ನನ್ನ ಮೈದುನನಿಗೆ ಎರಡೂ ಆಗಿತ್ತು. ಜ್ವರ ಬಂತು,
ನಾಲ್ಕು ದಿನ ಗಂಜಿ ಕುಡಿದು ಎದ್ದ.
ಪಕ್ಕದ ತಿಪ್ಪೇರುದ್ರಪ್ಪ ಒಂದನ್ನೂ ಮುಟ್ಟಿರಲಿಲ್ಲ,
ದೊಡ್ಡಾಸ್ಪತ್ರೆಗೆ ನಡೆದು ಹೋದವರು ನಡೆದು ಬರಲಿಲ್ಲ.
ಹೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ.
ಎರಡು ಮನೆ ಕಂಡವಳು ಊರಿನ ಲೆಕ್ಕ ಒಪ್ಪಿಸಬಾರದು.
ಲೆಕ್ಕ ಯಾರೋ ಮಾಡಿದ್ದಾರೆ, ಲಕ್ಷ ಮನೆಗಳದ್ದು.
ನಂಬಿದ್ದೇನೆ, ಓದಿಲ್ಲ.
ಇವಳೂ ಯಾರನ್ನೋ ನಂಬಿದ್ದಾಳೆ.
ಎರಡೂ ಒಂದೇ ಅಲ್ಲ, ಅದು ಗೊತ್ತು.
ಹೇಗೆ ಅಲ್ಲ ಅನ್ನುವುದು ನಾಲಿಗೆಗೆ ಬರುವುದಿಲ್ಲ.

“ಎಷ್ಟು ತಿಂಗಳು ತಡೀತದೆ?”
“ಗೊತ್ತಿಲ್ಲ.”
“ನಾಲ್ಕನೇದೂ ಬರ್ತದಾ?”
“ಗೊತ್ತಿಲ್ಲ ಕಣವ್ವ.”
“ನಿನಗೆ ಆಗಿದೆಯಾ?”
“ಆಗಿದೆ. ಎರಡು ದಿನ ಕೈ ಎತ್ತಕ್ಕಾಗಲಿಲ್ಲ.
ನಮ್ಮನೆಯವರೇ ರೊಟ್ಟಿ ಬಡಿದರು, ಒಂದೂ ದುಂಡಗಿರಲಿಲ್ಲ.”

ಅವಳು ಮರಳಿನ ಕಡೆ ತಿರುಗಿದಳು.

ಮೂಲೆಯಲ್ಲಿ ಚೀಲ ಹೊಲಿಯುತ್ತಿದ್ದ ದಾದಾಪೀರ್
ದಬ್ಬಣವನ್ನು ಚೀಲಕ್ಕೇ ಚುಚ್ಚಿಟ್ಟು ಎದ್ದ.
“ನಡಿ. ಕೂತು ಕೂತು ಸೊಂಟ ಹಿಡಿದಿದೆ.”
ಬೇರೆ ಕಾರಣ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಐದೂ ಹತ್ತಕ್ಕೆ ಸಿಸ್ಟರ್ ಸೀಸೆಯನ್ನು ಬೆಳಕಿಗೆ ಹಿಡಿದರು.
ತಳದಲ್ಲಿ ಇಬ್ಬರು ಉಳಿದಿದ್ದರು,
ನೀರಿನಷ್ಟು ತಿಳಿಯಾಗಿ.
ರಿಜಿಸ್ಟರಿನಲ್ಲಿ ಬರೆದೆ: ವ್ಯರ್ಥ, ಎರಡು.

ಮನೆಗೆ ಬಂದು ಚೀಲ ಕೊಡವಿದರೆ
ಅವಳು ಯಾವಾಗ ತುರುಕಿದಳೋ, ಒಂದು ಪೊಟ್ಟಣ.
ಇನ್ನೂ ಬೆಚ್ಚಗಿತ್ತು. ನಿಂತೇ ತಿಂದೆ.
ಮರಳಿನ ಒಂದು ಹರಳು
ಹಲ್ಲಿಗೆ ಸಿಕ್ಕಿತು.