ವಾಸನೆಕಾಳು

ಕೂಡ್ಲೂರಿನ ಕ್ಯೂರಿಂಗ್ ಶೆಡ್ಡಿನಲ್ಲಿ ಮೂವತ್ತೊಂದು ಹೆಂಗಸರು
ಕಾಲು ಚಾಚಿ ಕೂತು ಕಾಫಿಬೀಜ ಆರಿಸುತ್ತಿದ್ದ ಜಾಗದಲ್ಲಿ
ಈಗೊಂದು ಬಿಳಿ ಬೀರು ನಿಂತಿದೆ.
ಮೇಲಿಂದ ಬೀಜ ಸುರಿಯುತ್ತದೆ, ನಡುವೆ ಬೆಳಕು,
ಬೆಳಕಿನ ಹಿಂದೊಂದು ಕಣ್ಣು,
ಕಣ್ಣಿನ ಕೆಳಗೆ ಸೂಜಿಯಷ್ಟು ಗಾಳಿ.
ಫುಸ್ ಅಂದರೆ ಕರಿಕಾಳು ಆಚೆ.
ನಾನು ಒಮ್ಮೆ ಕೆಮ್ಮುವಷ್ಟರಲ್ಲಿ
ನನ್ನ ಅರ್ಧ ದಿನದ ಕೂಲಿ ಆಚೆ.

ಎಲ್ಲರನ್ನೂ ಕಳಿಸಿ ನನ್ನೊಬ್ಬಳನ್ನು ಮೂರು ವಾರ ಇಟ್ಟುಕೊಂಡರು.
'ಲಿಂಗಮ್ಮೋರೇ, ನಿಮ್ಮ ಕಣ್ಣು ಬೇಕು,' ಅಂದರು ಮ್ಯಾನೇಜರು,
ಕಣ್ಣಷ್ಟೇ ಸಾಲ ಕೇಳುವ ಹಾಗೆ.
ಕೊಯಮತ್ತೂರಿನ ಹುಡುಗ ಪರದೆ ಮೇಲೆ ಒಂದೊಂದೇ ಕಾಳು ತೋರಿಸಿದ,
ತಟ್ಟೆಯಷ್ಟು ದೊಡ್ಡದು ಮಾಡಿ.
'ಅಮ್ಮ, ಇದು ಯಾಕೆ ಬೇಡ?'
ಬೇಡ ಅಂದ್ರೆ ಬೇಡ ಕಣಪ್ಪ.
ಅವನು ನಕ್ಕ. ಅದಕ್ಕೆ ಹಾಗಂದರೆ ತಿಳಿಯೋಲ್ಲವಂತೆ.

ಇಪ್ಪತ್ತಾರು ವರ್ಷ ಬೆರಳಿಗೆ ಗೊತ್ತಿದ್ದದ್ದಕ್ಕೆ
ಬಾಯಿಂದ ಹೆಸರು ಹುಡುಕಬೇಕಾಯಿತು.
ಕರಿ, ಅರೆಗರಿ, ಬಿಳಿಚಿದ್ದು,
ಹುಳ ಕೊರೆದದ್ದು, ಪಲ್ಪರ್ ಕಚ್ಚಿದ್ದು,
ಆನೆಕಿವಿ,
ಕಣದಲ್ಲಿ ಜನವರಿ ಮಳೆಗೆ ನೆಂದದ್ದು,
ನೆಂದು ಮತ್ತೆ ಒಣಗಿ ಏನೂ ಆಗಿಲ್ಲವೆಂಬಂತೆ ಬಂದು ಕೂತದ್ದು.
ಇಪ್ಪತ್ತೆರಡು ಬಗೆ ಆಯಿತು. ನನಗೇ ಆಶ್ಚರ್ಯ,
ಇಷ್ಟೆಲ್ಲ ತಿಳಿದಿದ್ದವಳಿಗೆ ಕೊಟ್ಟದ್ದು ಕಿಲೋ ಲೆಕ್ಕ!

ಆಚೆ ಹೋದವರ ಸುದ್ದಿ ಊಟದ ಹೊತ್ತಿಗೆ ಬರುತ್ತಿತ್ತು.
ಜುಬೈದಾ ಕುಶಾಲನಗರದ ಬಸ್‌ಸ್ಟ್ಯಾಂಡಲ್ಲಿ ಮೊಟ್ಟೆಬೋಂಡಾ ಹಾಕ್ತಾಳೆ,
ವ್ಯಾಪಾರ ಪರವಾಗಿಲ್ಲ.
ಪಳನಿಯಮ್ಮ ಹೊಳೆ ದಾಟಿ ಶುಂಠಿ ಕೀಳಲು ಹೋಗ್ತಾಳೆ.
ಮುತ್ತಕ್ಕ ಮಾದಾಪುರದ ಹೋಂಸ್ಟೇನಲ್ಲಿ
ಬೆಳ್ಳಗಿನ ಬೆಡ್‌ಶೀಟಿನ ಕಲೆ ಹುಡುಕ್ತಾಳೆ,
ಅದೇ ಕೆಲಸ ಅಂತಾಳೆ, ಬೆನ್ನು ಮಾತ್ರ ಬೇರೆ ಕಡೆ ನೋಯುತ್ತೆ.
ನನಗೋ, ರಾತ್ರಿ ಅನ್ನದ ತಟ್ಟೆಯಲ್ಲೂ
ಬೆರಳು ತಾನೇ ಕರಿದು ಹುಡುಕುತ್ತಿತ್ತು.

ಕೊನೆಗೆ ಹುಡುಗ ಕೇಳಿದ: 'ಇನ್ನೇನಾದರೂ ಉಳಿದಿದೆಯಾ ಅಮ್ಮ?'
ಟೀ ಆರ್ತಾ ಇದೆ ಕುಡಿ, ಅಂದೆ.

ಸುಳ್ಳಲ್ಲ. ಅವನು ಕಂಡದ್ದನ್ನೇ ಕೇಳಿದ್ದ.
ವಾಸನೆಕಾಳು ಕಣ್ಣಿಗೆ ಕಾಣೋಲ್ಲ.
ತೊಟ್ಟಿಯ ಮೂಲೆಯಲ್ಲಿ ನಿನ್ನೆಯದು ನಾಲ್ಕು ಕಾಳು ಉಳಿದು
ಇವತ್ತಿನದರ ಜೊತೆ ಒಣಗಿ, ಬಣ್ಣ ಸರಿ, ಮೈ ಸರಿ,
ಮದುವೆಗೆ ಹೊರಟ ಹಾಗೆ ಬರುತ್ತೆ.
ಉಗುರಲ್ಲಿ ಒಡೆದು ಮೂಗಿಗೆ ಹಿಡಿದರೇ ಗೊತ್ತು.
ಒಂದೇ ಸಾಕು, ಒಂದು ಪಾತ್ರೆ ಡಿಕಾಕ್ಷನ್ ಚೆಲ್ಲಬೇಕು.

ಬೀರು ನೋಡಿಕೊಳ್ಳಲು ಹೆಬ್ಬಾಲೆಯ ನಿಶ್ಮಿತಾ ಬಂದಳು,
ಐಟಿಐ ಓದಿದವಳು, ನೀಲಿ ಅಂಗಿ, ಜೇಬಲ್ಲಿ ಸ್ಕ್ರೂಡ್ರೈವರ್.
ಎರಡು ಗಂಟೆಗೊಮ್ಮೆ ಅದರ ಗಾಜು ಒರೆಸ್ತಾಳೆ.
ಪಾಪ, ಅದರ ಕಣ್ಣಿಗೂ ಧೂಳು ಬೀಳುತ್ತೆ.
ಒಂದು ಮಧ್ಯಾಹ್ನ ಬ್ರಷ್ ಹಿಡಿದೇ ಅಂದಳು:
'ಅಕ್ಕ, ಮುಂದಿನ ಸೀಸನ್‌ಗೆ
ತನ್ನ ಕಣ್ಣು ತಾನೇ ಒರೆಸಿಕೊಳ್ಳೋದು ಬರುತ್ತಂತೆ.'
ಅವಳ ಸಂಬಳದಲ್ಲಿ ತಮ್ಮನ ಕಾಲೇಜು ಫೀಸಿನ್ನೂ ಬಾಕಿ.

ನಾನೊಂದು ಕಾಳು ಹುಡುಕಿ, ಒಡೆದು, ಅವಳ ಮೂಗಿಗೆ ಹಿಡಿದೆ.
'ಥೂ! ಒದ್ದೆ ಸಾಕ್ಸ್!'
ಇಬ್ಬರೂ ನಕ್ಕೆವು. ಆಮೇಲೆ ಅವಳು ಸುಮ್ಮನಾದಳು,
ಮತ್ತೊಮ್ಮೆ ಮೂಸಿದಳು.
'ಇದನ್ನ ಎಲ್ಲಿ ಬರೀಲಿ?'
ಬರೀಬೇಡ, ಅಂದೆ.

ಗೊತ್ತು, ಮೂಗಿನ ಯಂತ್ರವೂ ಬರುತ್ತೆ.
ಬರಲಿ, ಬರುವಾಗ ನಿಶ್ಮಿತಾ ಬಾಗಿಲಲ್ಲಿ ನಿಂತಿರಲಿ,
ಇದಕ್ಕೆಷ್ಟು, ಅಂತ ಮೊದಲೇ ಕೇಳಲಿ.
ನಾನು ಕೇಳಲಿಲ್ಲ.

ಲೆಕ್ಕ ಚುಕ್ತಾ ಮಾಡಿ ಗೇಟು ದಾಟಿದೆ.
ಬಸ್ಸಲ್ಲಿ ಸೆರಗು ಕೊಡವಿದರೆ ಮಡಿಕೆಯಿಂದ ಒಂದು ಕಾಳು.
ನೋಡಲು ಚೆನ್ನಾಗಿತ್ತು.
ಒಡೆಯಲಿಲ್ಲ.