ಉಪ್ಪಳೆಯುವವಳು

ಶಿನ್ಶು ಕಣಿವೆಯ ಈ ಮೂವತ್ತೆಂಟು ಮನೆಗಳಲ್ಲಿ
ನನ್ನ ಹೆಸರು ಇಸೊಕೊ ಅಂತ ಯಾರಿಗೂ ನೆನಪಿಲ್ಲ ಈಗ.
‘ಉಪ್ಪಿನವಳು ಬಂದಳು’ ಅಂತಾರೆ.
ನಾನು ಬಾಗಿಲು ಸರಿಸುವ ಮೊದಲೇ
ಒಳಗೆ ಮುಚ್ಚಳಗಳ ಸದ್ದು.

ಕೈಚೀಲದಲ್ಲಿ ಆರೋಗ್ಯ ಕೇಂದ್ರದ ಮೀಟರು,
ಹತ್ತು ಪುಟ್ಟ ಶೀಶೆ, ಒಂದು ಮೊಂಡು ಪೆನ್ಸಿಲ್ಲು.
ಬೆಳಗಿನ ಮಿಸೋ ಸಾರು, ಒಂದೇ ಚಮಚ ಕೊಡಿ, ಸಾಕು
ಎಂದು ಭಿಕ್ಷೆಯವಳ ಹಾಗೆ ನಿಂತು ಕೇಳುತ್ತೇನೆ.
ಭಿಕ್ಷೆಯಾದರೆ ಕೊಟ್ಟಾರು. ಇದು ಲೆಕ್ಕ.
ಲೆಕ್ಕಕ್ಕೆ ಯಾರೂ ಕೈಯೆತ್ತಿ ಬಡಿಸುವುದಿಲ್ಲ.

ಮಾತ್ಸುನೊ ಅಜ್ಜಿ ಒಲೆಯ ಮುಂದಿಂದ ಏಳದೆಯೇ ಅಂದಳು:
“ನಿನ್ನ ಗಂಡನನ್ನು ಕೊಂದದ್ದು ಚಳಿ ಕಣೇ, ಉಪ್ಪಲ್ಲ.
ಹಿಮ ಹೊದ್ದು ಮಲಗುವ ಊರಲ್ಲಿ
ಸೊಪ್ಪು ಕೊಳೆಯದಂತೆ ಕಾದವರು ಯಾರು?
ಉಪ್ಪು. ನಿನ್ನ ಡಾಕ್ಟರಲ್ಲ.”

ನಿಜ. ಚಳಿಯೂ ಇತ್ತು ಆ ರಾತ್ರಿ.
ಹಿತ್ತಿಲ ಪಾಯಿಖಾನೆಗೆ ಹೋದ ತೊಕುಜಿ
ಲಾಟೀನು ಹಿಡಿದುಕೊಂಡೇ ಬಿದ್ದಿದ್ದ.
ನಲವತ್ತೊಂಬತ್ತು. ಲಾಟೀನು ಆರಿರಲಿಲ್ಲ.
ಸಂಜೆ ಅವನಿಗೆ ಮೂರನೆಯ ಬಟ್ಟಲು ಬಡಿಸಿದ ಕೈ ಇದೇ,
ಈಗ ಶೀಶೆ ಹಿಡಿದಿರುವುದು.

ಕೊನೆಗೂ ಅಜ್ಜಿ ಕೊಟ್ಟಳು. ಮುಳ್ಳು ಹಸಿರಿನಲ್ಲೇ ನಿಂತಿತು.
ಶೀಶೆ ಎತ್ತಿ ಬೆಳಕಿಗೆ ಹಿಡಿದೆ:
ಸಾರು ತಿಳಿ, ತಣ್ಣಗೆ,
ಈಗಷ್ಟೇ ಬಾವಿಯ ನೀರು ಬೆರೆಸಿದ ಹಾಗೆ.
ಅಜ್ಜಿ ಗೋಡೆ ನೋಡಿದಳು. ನಾನು ಅಂಕಿ ಬರೆದುಕೊಂಡೆ.

ಮರುವಾರವೂ ಹೋದೆ. ಮರುವರ್ಷವೂ.
ನನಗಾಗಿ ನೀರು ಬೆರೆಸುತ್ತ ಬೆರೆಸುತ್ತ
ಯಾವ ಚಳಿಗಾಲದಲ್ಲೋ, ಅವಳಿಗೇ ಗೊತ್ತಿಲ್ಲ,
ಅವಳ ನಾಲಿಗೆ ನೀರಿನ ಕಡೆಗೆ ಸರಿದುಬಿಟ್ಟಿತು.
“ಸೊಸೆಯ ಅಡುಗೆ ಬರೀ ಉಪ್ಪು ನೋಡು” ಎಂದು
ನನ್ನ ಹತ್ತಿರವೇ ದೂರಿದಳು ಒಂದು ದಿನ.
ನಾನು ನಗಲಿಲ್ಲ. ನಗು ಬಂದಿತ್ತು.

ನಾನೇನು ಸಾಚಾ?
‘ದಿನಕ್ಕೆ ಇಷ್ಟೇ ಗ್ರಾಂ’ ಎಂದು ಸಭೆಯಲ್ಲಿ ಬರೆದ ಸೀಮೆಸುಣ್ಣ
ಇನ್ನೂ ಬೆರಳಲ್ಲಿರುವಾಗಲೇ
ಪೀಪಾಯಿಯ ಕಲ್ಲು ಸರಿಸಿ,
ನೊಜವಾನಾ ಸೊಪ್ಪಿನ ಒಂದೆಳೆ, ಮಂಜು ಕಟ್ಟಿದ್ದು,
ಕತ್ತಲಲ್ಲಿ ನಿಂತೇ ಕಡಿಯುತ್ತೇನೆ.
ಉಪ್ಪಿಗಿಂತ ರುಚಿಯಿಲ್ಲ.
ಇದನ್ನು ಯಾವ ಶೀಶೆಗೂ ಹಾಕುವುದಿಲ್ಲ.

ಮೊನ್ನೆ ಟೋಕಿಯೋದಿಂದ ಬಂದ ಅಧಿಕಾರಿ
ಗೋಡೆಗೆ ನಕ್ಷೆ ತೂಗುಹಾಕಿದ.
ಇಡೀ ದೇಶದ ಜನ ಒಂದು ಗೆರೆ.
ಬಲಕ್ಕೆ ಹೋದಂತೆ ಗೆರೆ ಇಳಿಯುತ್ತದೆ,
ಸಂಜೆ ಗುಡ್ಡದಿಂದ ಮನೆಗೆ ಬರುವ ದಾರಿಯಂತೆ.
“ಇಷ್ಟು ಜನ ಸಾಯಲಿಲ್ಲ” ಎಂದ.
ಯಾರು, ಎಂದು ಕೇಳಬೇಕೆನಿಸಿತು.
ಸತ್ತವರ ಹೆಸರು ಹಲಗೆಯ ಮೇಲಿದೆ, ಧೂಪದ ಪಕ್ಕ.
ಸಾಯದವರಿಗೆ ತಾವು ಸಾಯಲಿಲ್ಲವೆಂದೇ ಗೊತ್ತಿಲ್ಲ.
ಟೊಮೇಟೊ ಗಿಡಕ್ಕೆ ಕಡ್ಡಿ ಕಟ್ಟುತ್ತಿರುತ್ತಾರೆ,
ಮೊಮ್ಮಗನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿರುತ್ತಾರೆ,
ನನ್ನನ್ನು ಕಂಡರೆ ಮುಚ್ಚಳ ಮುಚ್ಚುತ್ತಾರೆ.

ಇವತ್ತು ಮಾತ್ಸುನೊ ಅಜ್ಜಿಗೆ ತೊಂಬತ್ತು.
“ಆ ಮೀಟರು ಹೊರಗಿಡು. ಕೂತುಕೋ. ಕುಡಿ.”
ಬಟ್ಟಲಲ್ಲಿ ಹಬೆ, ನಾಲ್ಕು ತುಂಡು ಮೂಲಂಗಿ.
ಅಯ್ಯೋ, ಎಂಥ ಸಪ್ಪೆ!
ಉಂಡ ಮನೆಯ ಉಪ್ಪಿನ ಋಣ ಅಂತಾರಲ್ಲ,
ಈ ಮನೆಯಲ್ಲಿ ಅದು ಚಿಟಿಕೆಯಷ್ಟು.
ಎರಡನೆಯದಕ್ಕೆ ನಾನೇ ಬಟ್ಟಲು ಚಾಚಿದೆ.
ಮೂರನೆಯದು ನಾನು ಕೇಳಲಿಲ್ಲ.
ಅವಳೂ ಸೌಟು ಎತ್ತಲಿಲ್ಲ.